ಯಜಮಾನರ ಕುದುರೆ

ನಮ್ಮ ಸಂಘದ ಪತ್ರಿಕೆಗೆ ಇದುವರೆಗೆ ನಾನು ಬರೆದದ್ದೆಂದರೆ ರಾಜ್ಯೋತ್ಸವದ ವರದಿ ಎರಡು, ಹಲಸಿನಕಾಯಿ ಹಪ್ಪಳ ಮಾಡುವ ಕ್ರಮ ಒಂದು. ಈ ಸಲ ಸಂಪಾದಕರು ಫೋನು ಮಾಡಿ, "ಸ್ತ್ರೀವಾದದ ಬಗ್ಗೆ ಏನಾದರೂ ಬರೆದುಕೊಡಿ, ನೀವು ಓದುತ್ತಿರುತ್ತೀರಿ" ಎಂದಾಗ ನನಗೆ ನಗು ಬಂತು. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ನಾನು ಓದಿದ್ದು ಬಿ.ಎಸ್ಸಿ.; ಹೊಟ್ಟೆಪಾಡಿಗೆ ಮಾಡುತ್ತಿರುವುದು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ. ತತ್ತ್ವಶಾಸ್ತ್ರಕ್ಕೂ ನನಗೂ ಇರುವ ನಂಟು ಮಗಳ ಮೂಲಕ ಬಂದದ್ದು. ಅವಳು ಇಲ್ಲಿ ಬಿ.ಎ.ಗೆ ಸಮಾಜಶಾಸ್ತ್ರ ಓದುತ್ತಾಳೆ. ಅವಳು ಓದಿ ಮೇಜಿನ ಮೇಲೆ ಬಿಟ್ಟ ಪುಸ್ತಕಗಳನ್ನು ನಾನು ಬೆಹಾಲಾ ಚೌರಸ್ತಾದಿಂದ ಮಾಝೆರ್‌ಹಾಟ್‌ವರೆಗಿನ ಮೆಟ್ರೋದಲ್ಲಿ ಓದುತ್ತೇನೆ. ಇರುವುದು ಮೂರೇ ನಿಲ್ದಾಣ. ಒಂದು ದಿನಕ್ಕೆ ಎರಡು ಪುಟಕ್ಕಿಂತ ಹೆಚ್ಚು ಸಾಗದು. ಆದರೂ ಬರೆಯಲು ಒಪ್ಪಿಕೊಂಡೆ. ಅದಕ್ಕೆ ಕಾರಣ ಒಂದು ಕುದುರೆ. ಕುದುರೆಯ ಸಂಗತಿಗೆ ಬರುವ ಮೊದಲು ನಾನು ಬರೆದ ಒಂದು ಅರ್ಜಿಯ ಕತೆಯನ್ನು ಹೇಳಬೇಕು.

2022ರಲ್ಲಿ ನನಗೆ ಬಡ್ತಿಯ ಆದೇಶ ಬಂತು. ಹತ್ತು ವರ್ಷ ಕಾದಿದ್ದ ಬಡ್ತಿ. ಆದರೆ ಜಾಗ ಭುವನೇಶ್ವರ. ಒಪ್ಪುವುದಾದರೆ ಒಪ್ಪಿಗೆ, ಇಲ್ಲವಾದರೆ ನಿರಾಕರಣೆ, ಯಾವುದನ್ನಾದರೂ ಬರೆದುಕೊಡಬೇಕು. ನಿರಾಕರಿಸಿದವರಿಗೆ ಒಂದು ವರ್ಷ ಮತ್ತೆ ಬಡ್ತಿ ಕೊಡುವುದಿಲ್ಲ. ಆ ನಡುವೆ ಕಿರಿಯರು ಮೇಲೆ ಹೋದರೆ ಅವರೇ ಹಿರಿಯರಾಗುತ್ತಾರೆ. ಈ ನಿಯಮವೆಲ್ಲ ನನಗೆ ಬಾಯಿಪಾಠ. ಇನ್ನೊಬ್ಬರ ಇಂಥ ಅರ್ಜಿಗಳಿಗೆ ನಾನೇ ನೋಟ್ ಹಾಕಿದ್ದೇನೆ. ಆದೇಶ ಕೈಗೆ ಬಂದದ್ದು ಬೆಳಗ್ಗೆ ಹನ್ನೊಂದಕ್ಕೆ. ಮಧ್ಯಾಹ್ನ ಡಬ್ಬಿ ತೊಳೆದಿಟ್ಟು ಬಂದವಳು, ನಾಲ್ಕು ಸಾಲಿನ ಅರ್ಜಿ ಟೈಪು ಮಾಡಿ ಕೊಟ್ಟುಬಿಟ್ಟೆ. "ಅನ್‌ಅವಾಯ್ಡಬಲ್ ಡೊಮೆಸ್ಟಿಕ್ ಸರ್ಕಮ್‌ಸ್ಟೆನ್ಸಸ್," ಅಂದರೆ ಅನಿವಾರ್ಯ ಕೌಟುಂಬಿಕ ಕಾರಣಗಳಿಂದ, ಬಡ್ತಿಯನ್ನು ಸ್ವೀಕರಿಸಲಾಗುತ್ತಿಲ್ಲ. ಮಗಳು ಆಗ ಹನ್ನೊಂದನೆಯ ತರಗತಿಗೆ ಬಂದಿದ್ದಳು. ಅತ್ತೆಯವರಿಗೆ ಮೊಣಕಾಲು ನೋವು. ನಮ್ಮನೆಯವರಿಗೆ ಬ್ಯಾಂಕಿನ ಕೆಲಸ ಮುಗಿಯುವಾಗ ರಾತ್ರಿ ಎಂಟು. ಇವೆಲ್ಲವೂ ನಿಜವೇ. ಸಂಜೆ ಮನೆಗೆ ಬಂದು ಕುಕ್ಕರ್ ಇಟ್ಟೆ. ಯಾರಿಗೂ ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಾದರೂ ಇದೆ ಎಂದೇ ನನಗೆ ಅನಿಸಲಿಲ್ಲ.

ಆರೇಳು ತಿಂಗಳ ಮೇಲೆ, ಸಂಘದ ಯುಗಾದಿ ಊಟದ ದಿನ, ನನ್ನ ಕಚೇರಿಯವರೇ ಒಬ್ಬರು ಮಾತಿನ ನಡುವೆ ಈ ವಿಷಯ ಎತ್ತಿದರು. ನಮ್ಮನೆಯವರು ಅಲ್ಲಿ ಸುಮ್ಮನಿದ್ದರು. ಮನೆಗೆ ಬರುವ ದಾರಿಯಲ್ಲಿ ಕೇಳಿದರು. ನಮ್ಮ ಮನೆಮಾತು ಹವ್ಯಕ. ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆಯುತ್ತೇನೆ.

"ನೀನು ನನ್ನನ್ನು ಒಂದು ಮಾತು ಕೇಳಲೇ ಇಲ್ಲವಲ್ಲ?"

"ಕೇಳಿದ್ದರೆ ನೀವು ಏನು ಹೇಳುತ್ತಿದ್ದಿರಿ?"

ಅವರು ಬಹಳ ಹೊತ್ತು ಯೋಚಿಸಿ, "ಗೊತ್ತಿಲ್ಲ" ಎಂದರು.

"ಹೋಗು ಎನ್ನುತ್ತಿದ್ದೆ" ಎಂದಿದ್ದರೆ ನಾನು ನಂಬುತ್ತಿರಲಿಲ್ಲ. "ಬೇಡ ಎನ್ನುತ್ತಿದ್ದೆ" ಎಂದಿದ್ದರೆ ನನ್ನ ತೀರ್ಮಾನ ಸರಿಯಾಯಿತು ಎಂದುಕೊಳ್ಳುತ್ತಿದ್ದೆ. ಈ "ಗೊತ್ತಿಲ್ಲ" ಮಾತ್ರ ನನ್ನನ್ನು ಕಾಡತೊಡಗಿತು. ಯಾರೂ ಬೇಡ ಎನ್ನದೆ ಇರುವಾಗ, ಅವರೆಲ್ಲರ ಪರವಾಗಿ "ಬೇಡ" ಎಂದವರು ಯಾರು?

ಈಗ ಕುದುರೆಯ ವಿಷಯಕ್ಕೆ ಬರುತ್ತೇನೆ.

ನಾವು ಈ ಊರಿಗೆ ಬಂದದ್ದು 2011ರಲ್ಲಿ. ಮಗಳಿಗೆ ಶಾಲೆಯಲ್ಲಿ ಬಂಗಾಳಿ ದ್ವಿತೀಯ ಭಾಷೆಯಾಯಿತು. ಅವಳಿಗಾಗಿ ಚೌರಸ್ತಾದ ಅಂಗಡಿಯಿಂದ ಈಶ್ವರಚಂದ್ರ ವಿದ್ಯಾಸಾಗರರ 'ವರ್ಣಪರಿಚಯ' ತಂದೆ. 1855ರಲ್ಲಿ ಬಂದ ಆ ಪುಟ್ಟ ಪುಸ್ತಕದಿಂದಲೇ ಇಲ್ಲಿಯ ಮಕ್ಕಳು ಈಗಲೂ ಅಕ್ಷರ ಕಲಿಯುತ್ತಾರೆ. ಮಗಳು ಬರೆದದ್ದನ್ನು ನೋಡಿ ನಾನೂ ಕಲಿತೆ; ಅವಳು ಮಲಗಿದ ಮೇಲೆ ಅವಳ ಕಾಪಿ ಪುಸ್ತಕ ತೆರೆದು, ಬಸ್ಸಿನ ಮೇಲೆ ಕಂಡ ಅಕ್ಷರಗಳನ್ನು ಹೊಂದಿಸಿ ನೋಡುತ್ತಿದ್ದೆ. ಪಕ್ಕದ ಮನೆಯ ಬೌದಿಗೆ ಇದು ತಿಳಿದು ಬಹಳ ಸಂತೋಷವಾಯಿತು. ಅವರೇ ಒಂದು ದಿನ ನನ್ನ ಕೈಯಲ್ಲಿ ಒಂದು ಹಳೆಯ ಪುಸ್ತಕ ಇಟ್ಟು, "ಇದನ್ನು ಓದಿ, ನಿಮ್ಮದೇ ಕತೆ" ಎಂದರು. ಅದು ರಾಸಸುಂದರಿ ದೇವಿಯವರ 'ಆಮಾರ್ ಜೀಬನ್'. 'ನನ್ನ ಜೀವನ' ಎಂದರ್ಥ. ಬಂಗಾಳಿಯಲ್ಲಿ ಬಂದ ಮೊತ್ತಮೊದಲ ಆತ್ಮಕಥೆ ಎಂದು ಇದನ್ನು ಹೇಳುತ್ತಾರೆ. ಬರೆದವರು ವಿದ್ವಾಂಸರೂ ಅಲ್ಲ, ಜಮೀನ್ದಾರರೂ ಅಲ್ಲ. ಈಗ ಬಾಂಗ್ಲಾದೇಶಕ್ಕೆ ಸೇರಿದ ಒಂದು ಹಳ್ಳಿಯ ಗೃಹಿಣಿ.

ಹನ್ನೆರಡನೆಯ ವಯಸ್ಸಿಗೆ ಮದುವೆ. ಹೆತ್ತದ್ದು ಹನ್ನೆರಡು ಮಕ್ಕಳು. ದೊಡ್ಡ ಮನೆ, ಎರಡು ಹೊತ್ತಿನ ಅಡುಗೆ, ಬಂದುಹೋಗುವವರ ಸಾಲು. ಹೆಂಗಸು ಓದಿದರೆ ಮನೆಗೆ ಕೇಡು ಎನ್ನುತ್ತಿದ್ದ ಕಾಲ. ಆಕೆಗೆ 'ಚೈತನ್ಯ ಭಾಗವತ'ವನ್ನು ಓದಬೇಕೆಂಬ ಹಂಬಲ. ಒಂದು ದಿನ ಆ ಹೊತ್ತಗೆ ಅಡುಗೆಮನೆಯಲ್ಲಿ ಕೈಗೆ ಸಿಕ್ಕಾಗ ಅದರಿಂದ ಒಂದು ಹಾಳೆ ಎಳೆದು ಬಚ್ಚಿಟ್ಟರು. ಮಗ ಅಕ್ಷರ ತಿದ್ದಿದ ತಾಳೆಗರಿ ಒಂದನ್ನು ತೆಗೆದಿಟ್ಟುಕೊಂಡರು. ಒಲೆಯ ಮುಂದೆ ಕುಳಿತು, ಯಾರೂ ಇಲ್ಲದಾಗ, ಆ ಗರಿಯ ಅಕ್ಷರವನ್ನು ಈ ಹಾಳೆಯ ಅಕ್ಷರಕ್ಕೆ ಹೋಲಿಸಿ ಹೋಲಿಸಿ ಓದು ಕಲಿತರು. 'ವರ್ಣಪರಿಚಯ' ಬರುವುದಕ್ಕೂ ಎಷ್ಟೋ ಮೊದಲಿನ ಮಾತು ಇದು. ಬೌದಿ "ನಿಮ್ಮದೇ ಕತೆ" ಎಂದದ್ದು ಇದಕ್ಕೆ: ಅಲ್ಲಿ ಮಗನ ತಾಳೆಗರಿ, ಇಲ್ಲಿ ಮಗಳ ಕಾಪಿ ಪುಸ್ತಕ. ಆದರೆ ನನಗೆ ನನ್ನ ಕತೆ ಕಂಡದ್ದು ಆ ಭಾಗದಲ್ಲಲ್ಲ.

ಆ ಮನೆಯಲ್ಲಿ ಜಯಹರಿ ಎಂಬ ಕುದುರೆ ಇತ್ತು. ಯಜಮಾನರು ಹತ್ತುವ ಕುದುರೆ. ಯಜಮಾನರನ್ನು ಆಕೆ 'ಕರ್ತಾ' ಎಂದೇ ಬರೆಯುತ್ತಾರೆ. ಒಂದು ದಿನ ಅಂಗಳದಲ್ಲಿ ಹರಡಿದ್ದ ಬತ್ತವನ್ನು ಈ ಕುದುರೆ ಬಂದು ಮೇಯತೊಡಗಿತು. ಓಡಿಸಬೇಕಾದ ರಾಸಸುಂದರಿ ಒಳಗೆ ಹೋಗಿ ಅವಿತುಕೊಂಡರು. ಕುದುರೆಗೆ ಹೆದರಿದರೆಂದು ಮನೆಯವರು ತಿಳಿದರು. ಸಂಗತಿ ಬೇರೆಯೇ ಇತ್ತು: ಅದು ಕರ್ತಾರ ಕುದುರೆಯಲ್ಲವೇ, ಅದರ ಎದುರಿಗೆ ಮುಖ ತೋರಿಸಿ ನಿಲ್ಲುವುದು ಹೇಗೆ ಎಂದು ಆಕೆಗೆ ನಾಚಿಕೆ! ಆಮೇಲೆ ಆಕೆಗೇ, ಇದೊಂದು ಮೂಕಪ್ರಾಣಿ, ಇದಕ್ಕೇನು ತಿಳಿಯುತ್ತದೆ ಎಂದು ಹೊಳೆದು, ತನ್ನ ಪೆದ್ದುತನ ಬೇರೆಯವರಿಗೆ ತಿಳಿದರೆ ಏನಂದಾರು ಎನಿಸಿತು. ವಯಸ್ಸಾದ ಮೇಲೆ ಕುಳಿತು, ಮುಚ್ಚುಮರೆಯಿಲ್ಲದೆ ಇದನ್ನು ಬರೆದಿದ್ದಾರೆ.

ತಾರಾತಲಾ ನಿಲ್ದಾಣ ದಾಟುವಾಗ ಇದನ್ನು ಓದಿ ನಾನು ಗಟ್ಟಿಯಾಗಿ ನಕ್ಕೆ. ಪಕ್ಕದವರು ನೋಡಿದರು. ಮಾಝೆರ್‌ಹಾಟ್‌ನಲ್ಲಿ ಇಳಿದು ಮೆಟ್ಟಿಲು ಇಳಿಯುವಾಗ ನಗು ನಿಂತಿತು. ನನ್ನ ನಾಲ್ಕು ಸಾಲಿನ ಅರ್ಜಿ ನೆನಪಾಯಿತು. ಆ ದಿನ ಕಚೇರಿಯಲ್ಲಿ ನನ್ನೆದುರು ಯಜಮಾನರಿರಲಿಲ್ಲ, ಅತ್ತೆಯವರಿರಲಿಲ್ಲ. ಇದ್ದದ್ದು ಕುದುರೆ.

ಮಗಳಿಗೆ ಈ ಕತೆ ಹೇಳಿದೆ. ಅವಳು, "ಅಮ್ಮಾ, ಇದನ್ನೇ ಫೂಕೋ ಹೇಳಿದ್ದು" ಎಂದು ಇನ್ನೊಂದು ಪುಸ್ತಕ ತಂದುಕೊಟ್ಟಳು. ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಇಂಗ್ಲೆಂಡಿನ ಜೆರೆಮಿ ಬೆಂಥಮ್ ಎಂಬವರು 18ನೇ ಶತಮಾನದ ಕೊನೆಗೆ ಒಂದು ಸೆರೆಮನೆಯ ನಕ್ಷೆ ಹಾಕಿದರು. ದುಂಡಗಿನ ಕಟ್ಟಡ, ಸುತ್ತಲೂ ಕೋಣೆಗಳು, ನಡುವೆ ಒಂದು ಕಾವಲು ಗೋಪುರ. ಗೋಪುರದಿಂದ ಎಲ್ಲ ಕೋಣೆಗಳೂ ಕಾಣುತ್ತವೆ. ಗೋಪುರದಲ್ಲಿ ಯಾರಾದರೂ ಇದ್ದಾರೆಯೇ ಎಂಬುದು ಮಾತ್ರ ಕೋಣೆಯಲ್ಲಿದ್ದವನಿಗೆ ಕಾಣದು. ಹೀಗಾಗಿ ಯಾವಾಗಲೂ ಯಾರೋ ನೋಡುತ್ತಿದ್ದಾರೆಂದೇ ಅವನು ನಡೆದುಕೊಳ್ಳುತ್ತಾನೆ. ಕಾವಲುಗಾರ ಮನೆಗೆ ಹೋಗಿ ಮಲಗಿದರೂ ಕಾವಲು ನಡೆಯುತ್ತದೆ. ಫ್ರಾನ್ಸಿನ ಮಿಶೆಲ್ ಫೂಕೋ 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಕ್ಷೆಯನ್ನು ಎತ್ತಿಕೊಂಡು, ಇಂದಿನ ಶಾಲೆ, ಸೈನ್ಯ, ಆಸ್ಪತ್ರೆ, ಕಾರ್ಖಾನೆಗಳಲ್ಲೆಲ್ಲ ಅಧಿಕಾರ ಕೆಲಸ ಮಾಡುವುದು ಹೀಗೆ ಎಂದು ತೋರಿಸಿದರು. ಅಧಿಕಾರವೆಂದರೆ ಮೇಲಿನವನ ಕೈಯ ಬೆತ್ತವಷ್ಟೇ ಅಲ್ಲ. ಅದು ನಮ್ಮ ಕೂರುವ, ನಡೆಯುವ, ಯೋಚಿಸುವ ಅಭ್ಯಾಸದಲ್ಲೇ ಬಂದು ನೆಲೆಸುತ್ತದೆ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಹೇಬರು ರಜೆಯಲ್ಲಿದ್ದರೂ, ಅವರ ಕೋಣೆಯ ಬಾಗಿಲಿನ ಎದುರು ಹಾದುಹೋಗುವಾಗ ನಾವು ನಡೆಯ ವೇಗ ಹೆಚ್ಚಿಸುತ್ತೇವೆ.

ಆದರೆ ಈ ಗ್ರಂಥದಲ್ಲಿ ಹೆಂಗಸರ ಮಾತಿಲ್ಲ. ಆ ಕೊರತೆಯನ್ನು ಎತ್ತಿ ತೋರಿಸಿದವರು ಸ್ತ್ರೀವಾದಿಗಳು. ಅಮೆರಿಕದ ಸಾಂಡ್ರಾ ಬಾರ್ಟ್‌ಕಿ ಎಂಬವರು 1988ರ ಒಂದು ಪ್ರಬಂಧದಲ್ಲಿ, ಹೆಣ್ಣಿಗೆ ಈ ಗೋಪುರ ಸೆರೆಮನೆಯಲ್ಲಷ್ಟೇ ಅಲ್ಲ, ಕನ್ನಡಿಯ ಮುಂದೆಯೂ ಊಟದ ತಟ್ಟೆಯ ಮುಂದೆಯೂ ಇದೆ ಎಂದು ವಾದಿಸಿದರು. ಸೆರಗು ಸರಿಯಾಗಿದೆಯೇ, ನಗು ಹೆಚ್ಚಾಯಿತೇ, ತಿಂದದ್ದು ಹೆಚ್ಚಾಯಿತೇ ಎಂದು ತನ್ನನ್ನು ತಾನೇ ಕಾಯುತ್ತಾ ಇರುವವಳಿಗೆ ಬೇರೆ ಕಾವಲುಗಾರ ಏಕೆ?

ಇದಕ್ಕೆ ಪುರಾವೆ ಬೇಕೆನ್ನುವವರಿಗೆ, ನಾನು ವಿಜ್ಞಾನ ಓದಿದವಳಾದ್ದರಿಂದ, ಒಂದು ಅಂಕಿ ಕೊಡುತ್ತೇನೆ. ಇದು ನಮ್ಮ ಊರಿನ ಪಕ್ಕದ್ದೇ. 1944ರಲ್ಲಿ, ಬಂಗಾಳದ ಮಹಾಕ್ಷಾಮ ಕಳೆದ ಮರುವರ್ಷ, ಕಲ್ಕತ್ತಾದ ಅಖಿಲ ಭಾರತ ಸಾರ್ವಜನಿಕ ಆರೋಗ್ಯ ಸಂಸ್ಥೆಯವರು ಹೂಗ್ಲಿ ಜಿಲ್ಲೆಯ ಸಿಂಗೂರಿನಲ್ಲಿ ಸಮೀಕ್ಷೆ ನಡೆಸಿದರು. ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳಿದರು. ಹೆಂಡತಿ ತೀರಿಹೋದ ಗಂಡಸರಲ್ಲಿ ನೂರಕ್ಕೆ 48.5 ಮಂದಿ, ಕಾಯಿಲೆ ಇದೆ ಅಥವಾ ಅಷ್ಟಕ್ಕಷ್ಟೆ ಎಂದರು. ವಿಧವೆಯರಲ್ಲಿ ಹಾಗೆಂದವರು ನೂರಕ್ಕೆ 2.5 ಮಾತ್ರ. 'ಅಷ್ಟಕ್ಕಷ್ಟೆ' ಎಂಬ ಉತ್ತರವನ್ನಂತೂ ಒಬ್ಬ ವಿಧವೆಯೂ ಕೊಡಲಿಲ್ಲ. ಕ್ಷಾಮದಲ್ಲಿ ವಿಧವೆಯರು ಗಂಡಸರಿಗಿಂತ ಗಟ್ಟಿಯಾಗಿದ್ದರೆಂದು ಇದರ ಅರ್ಥವೇ? ಅಲ್ಲ. ಈ ಅಂಕಿಗಳನ್ನು 1985ರಲ್ಲಿ ಮತ್ತೆ ಬೆಳಕಿಗೆ ತಂದ ಅಮರ್ತ್ಯ ಸೇನ್ ಅವರ ವಿವರಣೆ ಇದು: ಕಷ್ಟಕ್ಕೆ ಒಗ್ಗಿಹೋದವರು ತಮಗೆ ಕಷ್ಟವಿದೆ ಎಂದು ಹೇಳುವುದನ್ನೂ ಬಿಡುತ್ತಾರೆ, ಆದ್ದರಿಂದ ಅವರ ಸಮಾಧಾನವನ್ನೇ ಅವರ ಸುಖದ ಅಳತೆಗೋಲು ಮಾಡಬಾರದು. 'ನನ್ನ' ಆರೋಗ್ಯ ಎಂಬ ಬೇರೆಯೇ ಒಂದು ಕಾಲಮ್ಮು ಆ ತಾಯಂದಿರ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲವೇನೋ. ನನ್ನ ಅಮ್ಮ ಇವತ್ತಿಗೂ ಫೋನಿನಲ್ಲಿ "ಹೇಗಿದ್ದಿ ಅಮ್ಮಾ?" ಎಂದರೆ "ಅಪ್ಪನಿಗೆ ಸ್ವಲ್ಪ ಕೆಮ್ಮು" ಎಂದೇ ಉತ್ತರ ಕೊಡುತ್ತಾರೆ.

ಇಲ್ಲಿ ಭಾಷೆಯ ಒಂದು ಸಂಗತಿಯನ್ನೂ ನೋಡಬೇಕು. ಗಂಡನಿಗೆ ನಾವು 'ಯಜಮಾನರು' ಎನ್ನುತ್ತೇವೆ. ಯಜ್ಞ ಮಾಡಿಸುವವನು ಎಂಬುದು ಮೂಲ ಅರ್ಥ, ಒಡೆಯ ಎಂಬುದು ಬಳಕೆಯ ಅರ್ಥ. ಬಂಗಾಳಿಯವರ 'ಕರ್ತಾ' ಇನ್ನೂ ಸ್ವಾರಸ್ಯದ ಮಾತು. ಶಾಲೆಯ ವ್ಯಾಕರಣದಲ್ಲಿ ನಾವೆಲ್ಲ ಕರ್ತೃ, ಕರ್ಮ, ಕ್ರಿಯಾಪದ ಕಲಿತವರೇ. ಕರ್ತೃವೆಂದರೆ ವಾಕ್ಯದಲ್ಲಿ ಕೆಲಸ ಮಾಡುವವನು. ಮನೆಗೆ ಒಬ್ಬನೇ ಕರ್ತೃ ಎಂದಾದರೆ ಉಳಿದವರೆಲ್ಲ ಏನಾದರು? ಇಂಗ್ಲಿಷಿನ 'ಸಬ್ಜೆಕ್ಟ್' ಎಂಬ ಶಬ್ದಕ್ಕೆ ವಾಕ್ಯದ ಕರ್ತೃ ಎಂದೂ ಅರ್ಥವಿದೆ, ಇನ್ನೊಬ್ಬನ ಅಧೀನದ ಪ್ರಜೆ ಎಂದೂ ಅರ್ಥವಿದೆ. ಫೂಕೋ 1982ರ ಒಂದು ಪ್ರಬಂಧದಲ್ಲಿ ಈ ಎರಡು ಅರ್ಥಗಳ ಮೇಲೆಯೇ ಒತ್ತು ಕೊಟ್ಟರು: ನಾವು 'ನಾನು' ಎಂದುಕೊಳ್ಳುವ ವ್ಯಕ್ತಿಯಾಗುವುದೂ ಅಧೀನರಾಗುವುದೂ ಒಂದೇ ಕೆಲಸದ ಎರಡು ಮುಖ ಎಂದು. ಓದುವಾಗ ಇದು ಕಬ್ಬಿಣದ ಕಡಲೆ. ಆದರೆ ನನ್ನ ಅರ್ಜಿಯನ್ನು ತೆಗೆದು ನೋಡಿದಾಗ ಅರ್ಥವಾಯಿತು. 'ಸ್ವೀಕರಿಸಲಾಗುತ್ತಿಲ್ಲ.' ಯಾರಿಗೆ? ಆ ವಾಕ್ಯಕ್ಕೆ ಕರ್ತೃವೇ ಇಲ್ಲ. ಕೋರಲಾಗಿದೆ, ಮಂಡಿಸಲಾಗಿದೆ, ಕ್ರಮ ಕೈಗೊಳ್ಳಲಾಗುವುದು ಎಂದು ಇಪ್ಪತ್ತು ವರ್ಷ ಬರೆದ ಕೈ ತನ್ನ ಸ್ವಂತ ಬದುಕಿನ ವಿಷಯವನ್ನೂ ಹಾಗೆಯೇ ಬರೆದುಬಿಟ್ಟಿತ್ತು.

ನಮ್ಮ ಹವ್ಯಕ ಮಾತಿನಲ್ಲಿ ಇನ್ನೊಂದು ವಿಶೇಷವಿದೆ. ಕಾಸರಗೋಡು, ಪುತ್ತೂರು ಕಡೆಯವರಿಗೆ ಗೊತ್ತು: ಅಪ್ಪ 'ಬಂದ', ಅಬ್ಬೆ 'ಬಂತು'. ಹೆಣ್ಣಿಗೆ ನಪುಂಸಕಲಿಂಗ. ಮದುವೆಯಾದ ಹೊಸತರಲ್ಲಿ ಬೆಂಗಳೂರಿನ ಗೆಳತಿಯೊಬ್ಬಳು ಇದನ್ನು ಕೇಳಿ, "ಅಯ್ಯೋ, ಹೆಂಗಸೇನು ವಸ್ತುವೇ?" ಎಂದಾಗ ನನಗೆ ಸಿಟ್ಟು ಬಂದಿತ್ತು. ನನ್ನ ಅಜ್ಜಿಯನ್ನು 'ಅದು' ಎಂದೇ ಹೇಳುತ್ತಿದ್ದೆವು; ಆದರೆ ಅಡಿಕೆ ಸುಲಿಯುವವರ ಲೆಕ್ಕದಿಂದ ಹಿಡಿದು ಮದುವೆ ಮಾತುಕತೆಯವರೆಗೆ ಆ ಮನೆಯಲ್ಲಿ ಅದರ ಮಾತು ಮೀರಿದವರಿಲ್ಲ. ಇತ್ತ ಬಂಗಾಳಿಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಸರ್ವನಾಮ, ಒಂದೇ ಕ್ರಿಯಾಪದ. ಹಾಗೆಂದು ಇಲ್ಲಿ ಸಮಾನತೆ ತಾನಾಗಿ ಬಂತೇ? ಲಿಂಗಭೇದವಿಲ್ಲದ ಆ ಭಾಷೆಯನ್ನಾಡಿದ ರಾಸಸುಂದರಿ ಕುದುರೆಗೆ ನಾಚಿ ಒಳಗೋಡಿದರು. ವ್ಯಾಕರಣದ ಮೇಲೆ ಎಲ್ಲ ತಪ್ಪನ್ನೂ ಹೊರಿಸಲಾಗದು.

ಆದರೂ ಕನ್ನಡ ನನಗೆ ಒಂದು ಸಂಗತಿಯನ್ನು ತೋರಿಸಿಕೊಟ್ಟಿತು. 'ನಾನು ಬಂದೆ' ಎಂಬಲ್ಲಿ ಹೆಣ್ಣು ಗಂಡು ಇಲ್ಲ. 'ನೀನು ಬಂದೆ' ಎಂಬಲ್ಲಿಯೂ ಇಲ್ಲ. ಗೌರವದಿಂದ 'ಅವರು ಬಂದರು' ಎಂದರೆ ಅಲ್ಲಿಯೂ ಇಲ್ಲ. ಎದುರಿಗಿಲ್ಲದ ಒಬ್ಬರ ಬಗ್ಗೆ, ಗೌರವ ಬಿಟ್ಟು, ಮೂರನೆಯವರು ಮಾತಾಡುವಾಗ ಮಾತ್ರ 'ಬಂದನು', 'ಬಂದಳು' ಬೇರೆಯಾಗುತ್ತವೆ. ಜೇಡರ ದಾಸಿಮಯ್ಯನವರ ಪ್ರಸಿದ್ಧ ವಚನವೊಂದರ ಭಾವವೂ ಇದೇ ಅಲ್ಲವೇ: ದೇಹದ ಗುರುತುಗಳನ್ನು ನೋಡಿ ಜನ ಹೆಣ್ಣೆಂದೂ ಗಂಡೆಂದೂ ಕರೆಯುತ್ತಾರೆ, ನಡುವೆ ಇರುವ ಆತ್ಮ ಮಾತ್ರ ಎರಡೂ ಅಲ್ಲ. ಹೆಣ್ಣು ಹುಟ್ಟಿನಿಂದ ಬರುವುದಕ್ಕಿಂತ ಹೆಚ್ಚಾಗಿ ಬೆಳೆಸಿನಿಂದ ಆಗುತ್ತಾಳೆ ಎಂದು ಫ್ರಾನ್ಸಿನ ಸಿಮೋನ್ ದ ಬೋವಾ 1949ರಲ್ಲಿ ವಾದಿಸಿದಾಗ ಜಗತ್ತೇ ಬೆಚ್ಚಿತು. ನೇಯ್ಗೆಯ ದಾಸಿಮಯ್ಯನವರಿಗೆ ಇದು ಬೆಚ್ಚುವ ಮಾತಾಗುತ್ತಿರಲಿಲ್ಲ. ಒಂದು ವ್ಯತ್ಯಾಸವಿದೆ. ವಚನಕಾರರು ಗುರುತುಗಳಾಚೆಗಿನ ಆತ್ಮವನ್ನು ತೋರಿಸಿದರು. ಬೋವಾ ಆ ಗುರುತುಗಳಿಂದ ದಿನದಿನವೂ ಆಗುವ ನಷ್ಟವನ್ನು ಲೆಕ್ಕ ಹಾಕಿದರು. ನಮ್ಮಂಥವರಿಗೆ ಎರಡೂ ಬೇಕು. ಅಕ್ಕಮಹಾದೇವಿ ಅರಮನೆಯನ್ನೇ ಬಿಟ್ಟು ಹೊರಟವರು. ಆದರೂ ಕಲ್ಯಾಣಕ್ಕೆ ಬಂದಾಗ, ಶರಣರ ಸಭೆಯಲ್ಲೇ, ನಿನ್ನ ಪತಿ ಯಾರು, ಮೈಯನ್ನು ಕೂದಲಿನಿಂದ ಮುಚ್ಚಿಕೊಂಡದ್ದೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತೆಂದು 'ಶೂನ್ಯಸಂಪಾದನೆ' ಹೇಳುತ್ತದೆ.

ಬೋವಾ ಅವರ ಇನ್ನೊಂದು ಮಾತು ನನಗೆ ಚುಚ್ಚಿತು. ಅಧೀನಳಾಗಿರುವುದರಲ್ಲಿ ಒಂದು ಸುಖವೂ ಇದೆ. ಸ್ವಂತವಾಗಿ ತೀರ್ಮಾನ ಮಾಡಿ ಸೋಲುವ ಭಯ ತಪ್ಪುತ್ತದೆ ಎಂಬರ್ಥದ ಮಾತು. ನಿಜ ಹೇಳುತ್ತೇನೆ, ಓದುಗರು ಕ್ಷಮಿಸಬೇಕು. 2022ರ ಆ ಮಧ್ಯಾಹ್ನ ಅರ್ಜಿ ಕೊಟ್ಟು ಬಂದಾಗ ನನಗೆ ದುಃಖವಾಗಿರಲಿಲ್ಲ. ಹಾಯೆನಿಸಿತ್ತು. ಹೊಸ ಊರು, ಹೊಸ ಕೆಲಸ, ಕೈಕೆಳಗೆ ನಾಲ್ಕು ಜನ, ಅವರು ಮಾತು ಕೇಳದಿದ್ದರೆ ಏನು ಗತಿ ಎಂಬ ಅಳುಕು ನನ್ನದೇ ಆಗಿತ್ತು. ಅದಕ್ಕೆ ಅತ್ತೆಯವರ ಮೊಣಕಾಲು, ಮಗಳ ಪರೀಕ್ಷೆ ಎಂದು ಹೆಸರಿಟ್ಟೆ. ಕುದುರೆಯನ್ನು ನೋಡಿ ಒಳಗೋಡಿದ್ದು ನಾಚಿಕೆಯಿಂದಲೋ, ಅಂಗಳದ ಬತ್ತ ಕಾಯುವ ಕೆಲಸ ತಪ್ಪಲಿ ಎಂದೋ? ಎಷ್ಟು ಪಾಲು ಯಾವುದು ಎಂದು ಬಿಡಿಸುವುದು ಕಷ್ಟ. ಪ್ರಯೋಗಶಾಲೆಯಲ್ಲಿ ಬೆರೆತ ದ್ರಾವಣವನ್ನು ಬೇರ್ಪಡಿಸಲು ಕ್ರಮವಿದೆ, ಇದಕ್ಕೆ ಇಲ್ಲ.

ಕಚೇರಿಯಲ್ಲಿ ಪೂಜೆಯ ದಿನಗಳು ಬಂದರೆ, "ದಿದಿ, ನೀವು ಸಾಕ್ಷಾತ್ ದಶಭುಜೆ, ಮನೆಯನ್ನೂ ಆಫೀಸನ್ನೂ ನಡೆಸುತ್ತೀರಿ" ಎಂದು ಹೊಗಳುವ ರೂಢಿಯಿದೆ. ಮೊದಮೊದಲು ನನಗೆ ಹೆಮ್ಮೆ ಎನಿಸುತ್ತಿತ್ತು. ಈಗ ಅದನ್ನು ಕೇಳಿದರೆ ಎಂಟು ಕೈಗಳ ಕೆಲಸವನ್ನು ಹೆಚ್ಚಿಗೆ ಒಪ್ಪಿಸುತ್ತಿದ್ದಾರೆ ಎನಿಸುತ್ತದೆ. 2020ರಲ್ಲಿ, ಕೊರೋನಾ ವರ್ಷ, ನಮ್ಮ ಬೆಹಾಲಾದ ಬಡಿಶಾ ಕ್ಲಬ್ಬಿನವರು ಇಟ್ಟ ಮೂರ್ತಿ ನೆನಪಾಗುತ್ತದೆ. ಲಾಕ್‌ಡೌನಿನಲ್ಲಿ ಊರಿಗೆ ನಡೆದುಹೊರಟ ವಲಸೆ ಕೂಲಿ ಹೆಂಗಸಿನ ರೂಪದಲ್ಲಿ ದುರ್ಗೆ. ಕಂಕುಳಲ್ಲಿ ಬರಿಮೈಯ ಮಗು, ಪಕ್ಕದಲ್ಲಿ ಉಳಿದ ಮಕ್ಕಳು. ಆಯುಧ ಹಿಡಿದ ಹತ್ತು ಕೈಗಳಿಲ್ಲ. ನಾವು ಮೂವರೂ ಮುಖಕ್ಕೆ ಮಾಸ್ಕ್ ಕಟ್ಟಿ, ದೂರ ನಿಂತು ನೋಡಿದೆವು. ಊರು ಬಿಟ್ಟು ಬಂದವರಿಗೆ ಅದನ್ನು ನೋಡಿ ಗಂಟಲು ಕಟ್ಟದೆ ಇರದು. ಶಕ್ತಿ ಎಂಬ ಹೆಸರಿಗೆ ಹತ್ತು ಕೈಗಳು ಬೇಕಾಗಿಲ್ಲ ಎಂದು ಆ ಕಲಾವಿದರು ತೋರಿಸಿದ್ದರು.

ಈಗ ನಮ್ಮ ಮನೆಯ ಸಂಗತಿ. ಈ ವರ್ಷ ಮತ್ತೆ ಬಡ್ತಿಯ ಆದೇಶ ಬಂದಿದೆ; ಜಾಗ ಅದೇ ಭುವನೇಶ್ವರ. ಈ ಸಲ ಮಧ್ಯಾಹ್ನ ಅರ್ಜಿ ಬರೆಯಲಿಲ್ಲ. ಕಾಗದವನ್ನು ಮನೆಗೆ ತಂದು, ರಾತ್ರಿ ಊಟಕ್ಕೆ ಕುಳಿತಾಗ ಮೇಜಿನ ಮೇಲೆ ಇಟ್ಟೆ.

"ಬಂದಿದೆ. ನೀವು ಏನೆನ್ನುತ್ತೀರಿ ಎಂದು ನಾನೇ ಊಹಿಸಿಕೊಳ್ಳುವುದಿಲ್ಲ. ಹೇಳಿ."

ಎಲ್ಲರೂ ಸಂತೋಷದಿಂದ ಒಪ್ಪಿದರು ಎಂದು ಬರೆದರೆ ಈ ಲೇಖನ ಚೆನ್ನಾಗಿ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಮಗಳು "ಹೋಗಮ್ಮಾ" ಎಂದಳು. ಅವಳಿಗೆ ಹತ್ತೊಂಬತ್ತು, ಎಲ್ಲವೂ ಸುಲಭ. ನಮ್ಮನೆಯವರು ಎರಡು ದಿನ ಆ ವಿಷಯ ಎತ್ತಲಿಲ್ಲ. ಅತ್ತೆಯವರು, "ಈ ವಯಸ್ಸಿನಲ್ಲಿ ನಾನು ಇನ್ನೊಬ್ಬರ ಕೈಯ ಅನ್ನ ತಿನ್ನಬೇಕೇ?" ಎಂದು ಅತ್ತರು. ರಾಸಸುಂದರಿಯವರ ಕುದುರೆ ಸಾಧುವಾಗಿತ್ತು. ಎಲ್ಲ ಕುದುರೆಗಳೂ ಹಾಗಿರುವುದಿಲ್ಲ, ಕೆಲವು ಒದೆಯುತ್ತವೆ. ಅಧಿಕಾರವೆಲ್ಲ ಹೆಂಗಸಿನ ಮನಸ್ಸಿನೊಳಗಿನ ಭ್ರಮೆ, ಅವಳು ಧೈರ್ಯ ಮಾಡಿದರೆ ಸಾಕು ಎನ್ನುವವರು ಇದನ್ನು ಮರೆಯಬಾರದು. ಮನೆಯಲ್ಲಿ ಒಂದು ಮಾತಿಗೆ ಅನ್ನ ನೀರು ಮುಚ್ಚಿಹೋಗುವ ಹೆಂಗಸರು ನಮ್ಮ ನಡುವೆಯೇ ಇದ್ದಾರೆ. ನನಗೆ ಸಂಬಳವಿದೆ, ಓದಿದ ಮಗಳಿದ್ದಾಳೆ, ಯೋಚಿಸಿ "ಗೊತ್ತಿಲ್ಲ" ಎನ್ನುವ ಗಂಡನಿದ್ದಾರೆ. ಅದಕ್ಕೇ ನಾನು ಬಾಗಿಲು ತೆರೆದು ಅಂಗಳಕ್ಕೆ ಇಳಿಯಲಾಯಿತು.

ಮೂರನೆಯ ದಿನ ನಮ್ಮನೆಯವರೇ ಒಂದು ಕಾಗದದ ಮೇಲೆ ಲೆಕ್ಕ ಹಾಕಿಕೊಂಡು ಬಂದರು. ಬೆಳಗಿನ ಅಡುಗೆ ಅವರದು. ಅನ್ನ, ಸಾರು, ಒಂದು ಪಲ್ಯ ಬರುತ್ತದಂತೆ. ಸಂಜೆಗೆ ಅಡುಗೆಯ ಮಾಶಿ. ಅತ್ತೆಯವರನ್ನು ಡಾಕ್ಟರಲ್ಲಿಗೆ ಕರೆದೊಯ್ಯುವುದು ಮಗಳು. ನಾನು ಶುಕ್ರವಾರ ರಾತ್ರಿಯ ರೈಲಿಗೆ ಹೊರಟು ಬಂದರೆ ಎರಡು ದಿನ ಮನೆಯಲ್ಲಿ. ಅತ್ತೆಯವರು ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ನಿನ್ನೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಗನನ್ನು ಗದರಿಸಿ, ಪುಡಿ ಯಾವಾಗ ಹಾಕಬೇಕೆಂದು ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಹೇಳಿಕೊಡುತ್ತಿದ್ದರು.

ಇದು ಸರಿಯೋ ತಪ್ಪೋ ನನಗೆ ತಿಳಿಯದು. ಆರು ತಿಂಗಳಲ್ಲಿ ಸಾಕಾಗಿ ಮರಳಿ ಬಂದೇನು. ಈ ವಿಷಯದಲ್ಲಿ ನಾನು ಯಾರಿಗೂ ಉಪದೇಶ ಮಾಡುವವಳಲ್ಲ. ನಮ್ಮ ಸಂಘದ ಅಕ್ಕತಂಗಿಯರಲ್ಲಿ ಒಂದೇ ಕೋರಿಕೆ. ಇನ್ನೊಮ್ಮೆ "ನಮ್ಮನೆಯಲ್ಲಿ ಒಪ್ಪುವುದಿಲ್ಲ" ಎನ್ನುವ ಮೊದಲು, ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಅಂಗಳದಲ್ಲಿ ನಿಂತಿರುವುದು ಯಜಮಾನರೋ ಯಜಮಾನರ ಕುದುರೆಯೋ, ಅದು ಒದೆಯುವಂಥದ್ದೋ ಅಲ್ಲವೋ ಎಂದು ತಿಳಿಯುತ್ತದೆ. ಗಂಡಸರಲ್ಲೂ ಒಂದು ಕೋರಿಕೆ ಇದೆ: ಅವಳು ಕೇಳುವವರೆಗೆ ಕಾಯಬೇಡಿ.

ಒಪ್ಪಿಗೆಯ ಪತ್ರವನ್ನು ನಾಳೆ ಕೊಡುತ್ತೇನೆ. ಮೊದಲು ಅಭ್ಯಾಸಬಲದಿಂದ "ಬಡ್ತಿಯನ್ನು ಸ್ವೀಕರಿಸಲಾಗಿದೆ" ಎಂಬ ಧಾಟಿಯಲ್ಲೇ ಬರೆದೆ. ಆಮೇಲೆ ಅದನ್ನು ಹೊಡೆದುಹಾಕಿ, "ನಾನು ಸ್ವೀಕರಿಸುತ್ತೇನೆ" ಎಂದು ತಿದ್ದಿದೆ.